ಕೆಂಪಂಗಿಯೊಳಗಿನ ಮುಖ ಯಾರದು?

(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಗೆಳೆಯರಿಗಾಗಿ ಆಡಿದ ಮಾತುಗಳ ಬರಹರೂಪ)



ಒಂದು ಅಂಗುಲಕ್ಕಿಂತ ಕೊಂಚವೇ ಎತ್ತರದ ಒಬ್ಬ ಸಿಪಾಯಿಯ ಬಗ್ಗೆ ನಿಮ್ಮೊಡನೆ ಮಾತಾಡಬೇಕಾಗಿದೆ. ನಗಬೇಡಿ. ಗಡಿ, ನೀರು, ನೌಕರಿ ಎಂದು ದೊಡ್ಡ ದೊಡ್ಡ ಸಂಗತಿಗಳನ್ನೇ ಓದಿ ರೂಢಿಯಾದ ನಿಮಗೆ ಇದೇನು ಮಕ್ಕಳಾಟ ಎನಿಸಬಹುದು. ಆದರೆ ಈ ಪುಟ್ಟ ಸಿಪಾಯಿಯ ಕೈಯಲ್ಲಿ ನಮ್ಮ ನಂದಿದುರ್ಗದ ಕಥೆ ಸಿಕ್ಕಿಕೊಂಡಿದೆ. ಅದನ್ನು ಬಿಡಿಸಿಕೊಳ್ಳಬೇಕಾದವರು ನಾವೇ.

ಮೊದಲು ಆಟ ಏನೆಂದು ಹೇಳಿಬಿಡುತ್ತೇನೆ. ಇಂಗ್ಲೆಂಡು, ಅಮೆರಿಕ ಮುಂತಾದ ಕಡೆ ಇದು ದೊಡ್ಡವರ ಆಟ. ಲೋಹದಲ್ಲಿ ಎರಕ ಹೊಯ್ದ ಅಥವಾ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದ, ಸುಮಾರು 28 ಮಿಲಿಮೀಟರ್ ಎತ್ತರದ ಸೈನಿಕರನ್ನು ಕೊಳ್ಳುತ್ತಾರೆ. ಸೋಪಿನ ನೀರಿನಲ್ಲಿ ತೊಳೆದು, ಅಚ್ಚಿನ ಏಣುಗಳನ್ನು ಬ್ಲೇಡಿನಿಂದ ಹೆರೆದು, ಪ್ರೈಮರ್ ಹೊಡೆದು, ಕೂದಲೆಳೆಯಂಥ ಕುಂಚದಿಂದ ಬಣ್ಣ ಹಚ್ಚುತ್ತಾರೆ. ತೆಳುವಾದ ಕಪ್ಪು ಬಣ್ಣದ ನೀರು ಹರಿಸಿ ಬಟ್ಟೆಯ ಮಡಿಕೆಗಳಿಗೆ ನೆರಳು ಕೊಡುತ್ತಾರೆ. ಕೊನೆಗೆ ವಾರ್ನಿಷ್. ಹೀಗೆ ಒಂದೊಂದೇ ಆಳು ಸೇರಿ ಒಂದು ದಂಡು ಆಗುತ್ತದೆ. ಆಮೇಲೆ ಮೇಜಿನ ಮೇಲೆ ಬೆಟ್ಟ, ಕೋಟೆ, ಹಳ್ಳ ಕಟ್ಟಿ, ಸ್ಕೇಲಿನಿಂದ ದೂರ ಅಳೆದು, ದಾಳ ಉರುಳಿಸಿ ಯುದ್ಧವಾಡುತ್ತಾರೆ.

ಇದು ಇಂದು ನಿನ್ನೆಯ ಹುಚ್ಚಲ್ಲ. ಲಂಡನ್ನಿನ ಬ್ರಿಟನ್ಸ್ ಕಂಪನಿ 1893ರಲ್ಲಿ ಒಳಗೆ ಟೊಳ್ಳಿರುವ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯತೊಡಗಿದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಅವು ಬಂದವು. 1913ರಲ್ಲಿ ಹೆಸರಾಂತ ಲೇಖಕ ಎಚ್. ಜಿ. ವೆಲ್ಸ್ ಈ ಆಟಕ್ಕೆ ನಿಯಮಗಳನ್ನೇ ಬರೆದು ಪುಸ್ತಕ ಮಾಡಿದ. ಮರುವರ್ಷವೇ ಮೊದಲನೆಯ ಮಹಾಯುದ್ಧ ಬಂತು ಎಂಬುದು ಬೇರೆ ಮಾತು! ಈ ಆಟದಲ್ಲಿ ವಸಾಹತು ಕಾಲದ್ದೇ ಒಂದು ದೊಡ್ಡ ವಿಭಾಗ. ಕೆಂಪಂಗಿಯ ಬ್ರಿಟಿಷ್ ದಂಡು ಒಂದು ಕಡೆ. ಎದುರಿಗೆ ಆಫ್ರಿಕದವರೋ, ಆಫ್ಘನ್ನರೋ, ನಾವೋ.

ಈಗ ಬೆಂಗಳೂರಿನಲ್ಲೂ ಈ ಹವ್ಯಾಸ ಹಿಡಿಸಿಕೊಂಡವರಿದ್ದಾರೆ. ಬೆಂಗಳೂರಿಗೆ ಬಂದದ್ದು ಚಿಕ್ಕಬಳ್ಳಾಪುರಕ್ಕೆ ಬರಲು ಎಷ್ಟು ದಿನ ಬೇಕು? ಬರಲಿ. ಇದು ಬೇಡ ಎಂದು ಕೂಗಲು ನಾನು ಇಲ್ಲಿ ನಿಂತಿಲ್ಲ. ದಸರೆಗೆ ಗೊಂಬೆ ಕೂರಿಸುವ ನಾಡು ನಮ್ಮದು. ಹಾಲೆ ಮರ ಕಡೆದು ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣ ನಮ್ಮದು. ಗೊಂಬೆಯನ್ನು ಕೀಳಾಗಿ ನೋಡುವ ಬುದ್ಧಿ ನಮಗಿಲ್ಲ. ನನ್ನ ಪ್ರಶ್ನೆ ಒಂದೇ. ಆ ಕೆಂಪಂಗಿಯ ಗೊಂಬೆಯ ಮುಖಕ್ಕೆ ನೀವು ಯಾವ ಬಣ್ಣ ಹಚ್ಚುತ್ತೀರಿ?

ಬಣ್ಣದ ಡಬ್ಬಿಯ ಮೇಲಿನ ಸುಳ್ಳು

ಹಂಬ್ರಾಲ್ ಎಂಬ ಇಂಗ್ಲೆಂಡಿನ ಕಂಪನಿಯ 61ನೇ ನಂಬರಿನ ಬಣ್ಣದ ಹೆಸರು 'ಫ್ಲೆಶ್'. ಅಂದರೆ ಮೈಬಣ್ಣ. ಮುಚ್ಚಳ ತೆಗೆದು ನೋಡಿ. ತಿಳಿ ಗುಲಾಬಿ! ಯಾರ ಮೈ ಸ್ವಾಮಿ ಇದು? ಗುಡಿಬಂಡೆಯ ರೈತನದೇ? ಚಿಂತಾಮಣಿ ಸಂತೆಯಲ್ಲಿ ಟೊಮೆಟೊ ಕ್ರೇಟು ಹೊರುವವನದೇ? ಅಮೆರಿಕದ ಕ್ರಯೋಲ ಕಂಪನಿ ಇದೇ ಹೆಸರಿನ ತನ್ನ ಬಣ್ಣದ ಕಡ್ಡಿಯನ್ನು 1962ರಲ್ಲೇ 'ಪೀಚ್' ಎಂದು ಬದಲಾಯಿಸಿತು. ಎಲ್ಲರ ಮೈಯೂ ಒಂದೇ ಬಣ್ಣವಲ್ಲ ಎಂದು ಅವರಿಗೆ ಅಂದೇ ಅರಿವಾಯಿತು. ನಾವು ಮಾತ್ರ ಡಬ್ಬಿಯ ಮೇಲೆ ಬರೆದದ್ದನ್ನೇ ವೇದವಾಕ್ಯ ಎಂದುಕೊಂಡು, ಕೆಂಪಂಗಿ ಕಂಡರೆ ಸಾಕು, ಮುಖಕ್ಕೆ ಗುಲಾಬಿ ಬಳಿಯುತ್ತೇವೆ.

ಕೆಂಪಂಗಿ ತೊಟ್ಟವರೆಲ್ಲ ಬಿಳಿಯರು ಎಂದು ಯಾರು ಹೇಳಿದರು? ಇದಕ್ಕೆ ಉತ್ತರ ಬೇಕಾದರೆ ನಂದಿ ಬೆಟ್ಟಕ್ಕೆ ಹೋಗಬೇಕು.

1791ರ ನಂದಿ

ಮೂರನೆಯ ಮೈಸೂರು ಯುದ್ಧ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಆದರೆ ಹಿಡಿದ ಬೆಂಗಳೂರಿನಲ್ಲಿ ದಂಡಿಗೆ ಉಣ್ಣಲು ಬೇಕಲ್ಲ! ಉತ್ತರದ ಕಡೆಯಿಂದ ಬರುವ ದವಸಧಾನ್ಯದ ಎತ್ತಿನ ಸಾಲುಗಳ ದಾರಿಯಲ್ಲಿ ನಮ್ಮ ಬೆಟ್ಟದ ಕೋಟೆಗಳು ಕಾವಲು ನಿಂತಿದ್ದವು. ಹಾಗಾಗಿ ಅವುಗಳನ್ನು ಒಂದೊಂದಾಗಿ ಮುರಿಯಲು ಮೇಜರ್ ಗೌಡಿ ಎಂಬವನನ್ನು ಕಳಿಸಿದರು. ರಹಮಾನ್‌ಗಢ ಬಿತ್ತು, ಅಂಬಾಜಿದುರ್ಗ ಕೈಬಿಟ್ಟಿತು. ಕೊನೆಗೆ ಎಲ್ಲಕ್ಕಿಂತ ಗಟ್ಟಿಯಾದ ನಂದಿ.

4,851 ಅಡಿಯ ಬೆಟ್ಟ. ಸುತ್ತ ಬರಿ ಬಂಡೆ. ಹತ್ತಲು ಆಗುವುದು ಒಂದು ಮಗ್ಗುಲಿನಲ್ಲಿ ಮಾತ್ರ, ಅಲ್ಲಿ ಎರಡು ಸುತ್ತಿನ ಗೋಡೆ. ಒಳಗೆ ಲುತ್ಫ್ ಅಲಿ ಬೇಗ್ ಎಂಬ ಕೋಟೆಯ ಸರದಾರ. ಹೊರಗಿನವರು ಕಡಿದಾದ ಬೆಟ್ಟದಲ್ಲಿ ದಾರಿ ಕಡಿದು, ಆನೆಗಳಿಂದ ತೋಪುಗಳನ್ನು ಮೇಲಕ್ಕೆಳೆಸಿ, ಸುಮಾರು ಮೂರು ವಾರ ಗೋಡೆಗೆ ಗುಂಡು ಹೊಡೆದರು. ಅಕ್ಟೋಬರ್ 18ರ ರಾತ್ರಿ ಕಳೆದು 19ರ ಬೆಳಗಾಗುವ ಮುನ್ನ, ಬೆಳದಿಂಗಳಲ್ಲಿ, ಜನರಲ್ ಮೆಡೋಸ್‌ನ ಮುಂದಾಳ್ತನದಲ್ಲಿ ಲಗ್ಗೆ ನಡೆಯಿತು. ಮೇಲಿನಿಂದ ನಮ್ಮವರು ಉರುಳಿಸಿದ ಬಂಡೆಗಳು ಹತ್ತುವವರ ಮೇಲೆ ಗುಡುಗಿಕೊಂಡು ಬಿದ್ದವು. ಆದರೂ ಕೋಟೆ ಬಿತ್ತು.

ಇದನ್ನು ಯಾರು ಮಾಡಿದರು? ಲಗ್ಗೆಯ ಮುಂಚೂಣಿಯಲ್ಲಿ ಬಿಳಿ ಸಿಪಾಯಿಗಳಿದ್ದರು, ನಿಜ. ಆದರೆ ಕಂಪನಿಯ ದಂಡನ್ನು ಒಟ್ಟು ಎಣಿಸಿದರೆ ಬಿಳಿಯರಿಗಿಂತ ಮದರಾಸಿನ ದೇಸಿ ಸಿಪಾಯಿಗಳೇ ಬಹಳ ಹೆಚ್ಚು. ಮೇಲೆ ಕೆಂಪು ಕೋಟು, ತಲೆಗೆ ಪೇಟ, ತೊಡೆಮಟ್ಟದ ಬಿಳಿ ಚಡ್ಡಿ, ಕಾಲಿಗೆ ಚಪ್ಪಲಿ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ತಮಿಳು, ತೆಲುಗು ಸೀಮೆಯ ಬಡ ಮನೆಗಳ ಮಕ್ಕಳು. ಕಂಪನಿಯ ಜೊತೆಗೆ ನಿಜಾಮನೂ ಮರಾಠರೂ ಸೇರಿದ್ದರು ಎಂಬುದನ್ನೂ ಮರೆಯಬಾರದು.

ನಮ್ಮ ಈ ನಾಲ್ಕು ಊರುಗಳಲ್ಲಿ ಎಷ್ಟು ಮನೆಗಳಲ್ಲಿ ಅಜ್ಜಿಯೊಡನೆ ತೆಲುಗು, ಬೀದಿಯಲ್ಲಿ ಕನ್ನಡ! ಕೈವಾರದ ತಾತಯ್ಯನವರು ಎರಡೂ ನುಡಿಯಲ್ಲಿ ಹಾಡಿದವರು. ಬೆಟ್ಟದ ಕೆಳಗೆ ಕೆಂಪಂಗಿ ತೊಟ್ಟು ನಿಂತವನು, ಬೆಟ್ಟದ ಮೇಲೆ ಬಂಡೆ ಉರುಳಿಸಿದವನು, ಇಬ್ಬರೂ ಒಂದೇ ನುಡಿಯಲ್ಲಿ ದೇವರನ್ನು ಕರೆದಿದ್ದರೆ ಅಚ್ಚರಿಯಿಲ್ಲ. ಆ ನೋವನ್ನು ಯಾವ 'ಫ್ಲೆಶ್' ಡಬ್ಬಿ ತೋರಿಸುತ್ತದೆ?

ಐರ್ಲೆಂಡಿನ ಬಾವುಟದಲ್ಲಿ ನಮ್ಮೂರು

ಇನ್ನೊಂದು ವಿಷಯ ಕೇಳಿ. ಕಂಪನಿಯ ಮದರಾಸಿನ ಯುರೋಪಿಯನ್ ದಂಡಿಗೆ ಈ ಗೆಲುವಿನ ಗೌರವ ಸಿಕ್ಕಿತು. ಆ ದಂಡೇ ಮುಂದೆ 1881ರಲ್ಲಿ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಎಂಬ ಐರಿಷ್ ರೆಜಿಮೆಂಟಿನ ಭಾಗವಾಯಿತು. ಅದರ ಯುದ್ಧಗೌರವಗಳ ಪಟ್ಟಿಯಲ್ಲಿ ನಮ್ಮ ನಂದಿಯ ಹೆಸರಿದೆ. ಹೇಗೆ? 'ನಂಡಿ ಡ್ರೂಗ್' ಎಂದು! ಐರ್ಲೆಂಡ್ ಬೇರೆ ರಾಜ್ಯವಾದಾಗ, 1922ರಲ್ಲಿ, ಆ ರೆಜಿಮೆಂಟನ್ನು ವಿಸರ್ಜಿಸಿದರು. ಬಾವುಟಗಳನ್ನು ವಿಂಡ್ಸರ್ ಅರಮನೆಯಲ್ಲಿ ರಾಜನಿಗೆ ಒಪ್ಪಿಸಿದರು.

ಆಳಿದವನಿಗೆ ಹೆಸರು ಸರಿಯಾಗಿ ಉಚ್ಚರಿಸಲು ಬಾರದಿದ್ದರೆ ಹೋಗಲಿ. ಅದು ಅವನ ನಾಲಗೆಯ ತೊಂದರೆ. ಆದರೆ ಇಂದು ನಮ್ಮ ಹುಡುಗ ಆ ರೆಜಿಮೆಂಟಿನ ಗೊಂಬೆಗೆ ಬಣ್ಣ ಹಚ್ಚಿ, ಅದರ ಕೆಳಗಿನ ಪಟ್ಟಿಯಲ್ಲಿ 'ನಂಡಿ ಡ್ರೂಗ್' ಎಂದು ಇಂಗ್ಲಿಷಿನಲ್ಲಿ ಬರೆದರೆ? ಅದು ತನ್ನ ಜಿಲ್ಲೆಯ ನಂದಿದುರ್ಗ ಎಂದೇ ಅವನಿಗೆ ತಿಳಿಯದಿದ್ದರೆ? ಅದು ನಾಲಗೆಯ ತೊಂದರೆಯಲ್ಲ, ನೆನಪಿನ ತೊಂದರೆ. ನಾನು ಹೆದರುವುದು ಅದಕ್ಕೆ.

ಎರಡು ಹುಳುಗಳ ಠೀವಿ

ಶಿಡ್ಲಘಟ್ಟದ ಗೆಳೆಯರಿಗೆ ಒಂದು ಖುಷಿಯ ಮಾತು. ಗೊಂಬೆಗೆ ಬಣ್ಣ ಹಚ್ಚುವವರು ಸಾಮಾನ್ಯ ಸಿಪಾಯಿಯ ಕೋಟಿಗೆ ಒಂದು ಕೆಂಪು, ಅಧಿಕಾರಿಯ ಕೋಟಿಗೆ ಇನ್ನೊಂದು ಕೆಂಪು ಬಳಸುತ್ತಾರೆ. ಸರಿಯೇ. ಆ ಕಾಲದ ಬ್ರಿಟಿಷ್ ದಂಡಿನಲ್ಲಿ ಸಾಮಾನ್ಯ ಸಿಪಾಯಿಯ ಬಟ್ಟೆಗೆ ನಮ್ಮ ಮಂಜಿಷ್ಠದ ಜಾತಿಗೆ ಸೇರಿದ ಬೇರಿನ ಬಣ್ಣ. ಅಗ್ಗದ್ದು, ಬಿಸಿಲಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಅಧಿಕಾರಿಯ ಹೊಳೆಯುವ ಕೆಂಪು ಬಂದದ್ದು ಕೊಚಿನೀಲ್ ಎಂಬ ಹುಳುವನ್ನು ಒಣಗಿಸಿ ಅರೆದು. ಅದು ಅಮೆರಿಕ ಖಂಡದ ಪಾಪಾಸುಕಳ್ಳಿಯ ಮೇಲೆ ಬದುಕುವ ಹುಳು. ಅಧಿಕಾರಿಯ ಸೊಂಟಕ್ಕೆ ಸುತ್ತಿದ ಕಡುಗೆಂಪು ಪಟ್ಟಿಯೋ, ರೇಷ್ಮೆಯದು. ಅಂದರೆ ಸಾಹೇಬನ ಠೀವಿಯೆಲ್ಲ ಎರಡು ಹುಳುಗಳ ಕೃಪೆ!

ಚಂದ್ರಿಕೆಯಲ್ಲಿ ಗೂಡು ಕಟ್ಟಿಸಿ, ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿಯುವ ಶಿಡ್ಲಘಟ್ಟದ ಕೈಗಳಿಗೆ ಒಂದು ಅಂಗುಲದ ಗೊಂಬೆಗೆ ಗುಂಡಿ ಬಿಡಿಸುವುದು ಕಷ್ಟವೇ? ಕೈ ನಮ್ಮಲ್ಲಿದೆ. ಕಣ್ಣೂ ನಮ್ಮಲ್ಲಿದೆ. ಕಥೆ ಮಾತ್ರ ಬೇರೆಯವರ ಕೈಯಲ್ಲಿದೆ.

ಒಂದು ಪೇಟದ ಬೆಲೆ

ಈ ಆಟದವರು ಪೋಷಾಕಿನ ವಿವರಕ್ಕೆ ಪ್ರಾಣ ಕೊಡುತ್ತಾರೆ. ಕಾಲರಿನ ಬಣ್ಣ ಒಂದು ಛಾಯೆ ತಪ್ಪಿದರೆ ಜಗಳಕ್ಕೆ ನಿಲ್ಲುತ್ತಾರೆ. ಅವರನ್ನು ನೋಡಿ ನಗುವ ಮುನ್ನ 1806 ಅನ್ನು ನೆನೆಯಿರಿ. ಮದರಾಸಿನ ಸೇನೆಯಲ್ಲಿ ಹೊಸ ಆಜ್ಞೆ ಬಂತು. ಕವಾಯತಿನಲ್ಲಿ ಹಣೆಗೆ ನಾಮ, ವಿಭೂತಿ ಇಡಕೂಡದು. ಕಿವಿಯೋಲೆ ಬೇಡ. ಗಡ್ಡ ಬಿಡಬಾರದು. ಹಳೆಯ ಪೇಟ ತೆಗೆದು ಬಿಳಿಯರ ಟೋಪಿಯನ್ನು ಹೋಲುವ, ಚರ್ಮದ ತುರಾಯಿಯಿದ್ದ ಹೊಸ ಶಿರಸ್ತ್ರಾಣ ತೊಡಬೇಕು. ಜುಲೈ 10ರಂದು ವೆಲ್ಲೂರು ಕೋಟೆಯ ಸಿಪಾಯಿಗಳು ದಂಗೆ ಎದ್ದರು. ಟಿಪ್ಪುವಿನ ಮಕ್ಕಳನ್ನು ಇರಿಸಿದ್ದೂ ಅದೇ ಕೋಟೆಯಲ್ಲಿ. ಆರ್ಕಾಟಿನಿಂದ ಬಂದ ಕುದುರೆ ಪಡೆ ದಂಗೆಯನ್ನು ಅಂದೇ ರಕ್ತದಲ್ಲಿ ಮುಳುಗಿಸಿತು.

ಕಿಡಿ ಅಲ್ಲಿಗೇ ಆರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಮ್ಮ ನಂದಿದುರ್ಗದಲ್ಲಿದ್ದ ಸಿಪಾಯಿಗಳೂ ಕುದಿಯುತ್ತಿದ್ದಾರೆಂದು ಅಲ್ಲಿನ ಬಿಳಿ ಅಧಿಕಾರಿಗಳು ಗಾಬರಿಬಿದ್ದು, ಬೆಂಗಳೂರಿನಿಂದ ಕುದುರೆ ಸವಾರರನ್ನು ಕರೆಸಿಕೊಂಡರು. ಹದಿನೈದು ವರ್ಷದ ಹಿಂದೆ ಇದೇ ಅಕ್ಟೋಬರ್‌ನಲ್ಲಿ ಇದೇ ಬೆಟ್ಟವನ್ನು ಕಂಪನಿಗೆ ಗೆದ್ದುಕೊಟ್ಟ ಕೆಂಪಂಗಿಯನ್ನೇ ಕಂಪನಿ ಈಗ ನಂಬಲಾರದೆ ಹೋಯಿತು!

ನಿಮ್ಮ ಕುಂಚದ ತುದಿಯಲ್ಲಿರುವ ಆ ಚುಕ್ಕಿಯಷ್ಟು ಪೇಟಕ್ಕೆ ಮನುಷ್ಯರು ಸತ್ತಿದ್ದಾರೆ. ಅದನ್ನು ಸರಿಯಾಗಿ ಬಿಡಿಸಿ. ಹಣೆಯ ಮೇಲೆ ಒಂದು ನಾಮ ಎಳೆಯಿರಿ. ಕಿವಿಗೆ ಚಿನ್ನದ ಬಣ್ಣದ ಒಂದು ಚುಕ್ಕೆ ಇಡಿ. ಆಗ ಅವನು ಗೊಂಬೆಯಾಗಿ ಉಳಿಯುವುದಿಲ್ಲ.

ನಮ್ಮವರೂ ಬಣ್ಣ ಹಚ್ಚಿದ್ದರು

ಕೆಂಪಂಗಿಯವರ ಚಿತ್ರ ಬರೆಯುವ ಹಕ್ಕು ಅವರದೇ ಎಂದು ತಿಳಿಯಬೇಡಿ. ಕಾರ್ನ್‌ವಾಲಿಸ್‌ನ ದಂಡಿನ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬಂದಿದ್ದ. ಬೆಂಗಳೂರು ಪೇಟೆಯ ಬಾಗಿಲಲ್ಲಿ ಸತ್ತ ಕರ್ನಲ್ ಮೂರ್‌ಹೌಸ್‌ನನ್ನು ಹುತಾತ್ಮನಂತೆ ಬರೆದ. ಅದು ಅವರ ಕಣ್ಣು. ನಮ್ಮ ಕಣ್ಣು ನೋಡಬೇಕಾದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋಗಿ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ದಂಡನ್ನು ಬಡಿದದ್ದು ಅಲ್ಲಿನ ಗೋಡೆಯ ತುಂಬ ಇದೆ. ಸಾಲು ಸಾಲು ಕೆಂಪಂಗಿಗಳು, ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕೂತ ಬೇಲಿ. ಆ ಬಣ್ಣ ಬಳಿದವರು ನಮ್ಮ ನಾಡಿನ ಕುಶಲಕರ್ಮಿಗಳು. 1799ರಲ್ಲಿ ಊರು ಗೆದ್ದ ಮೇಲೆ ವೆಲ್ಲೆಸ್ಲಿ ಆ ಚಿತ್ರವನ್ನು ಅಳಿಸಲಿಲ್ಲ, ಮತ್ತೆ ಬಣ್ಣ ಹಚ್ಚಿಸಿದ. ತನ್ನವರ ಸೋಲಿನ ಚಿತ್ರಕ್ಕೆ!

ಇನ್ನು ಟಿಪ್ಪುವಿನ ಹುಲಿ. ಮರದ ಹುಲಿ ಮರದ ಬಿಳಿಯನ ಮೇಲೆರಗಿದೆ. ಬಿಳಿಯನಿಗೆ ಕೆಂಪು ಕೋಟು, ಕಪ್ಪು ಟೋಪಿ. ಹಿಡಿ ತಿರುಗಿಸಿದರೆ ಅವನ ಕೈ ಮೇಲೇಳುತ್ತದೆ, ನರಳುವ ಸದ್ದು ಬರುತ್ತದೆ. ಇದೂ ಒಂದು ಗೊಂಬೆಯೇ, ಹೆಚ್ಚುಕಡಿಮೆ ಆಳಿನ ಗಾತ್ರದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದನ್ನು ಲಂಡನ್ನಿಗೆ ಹೊತ್ತೊಯ್ದರು. ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಟಿಪ್ಪುವನ್ನು ಹೊಗಳುವವರಿದ್ದಾರೆ, ತೆಗಳುವವರಿದ್ದಾರೆ. ಆ ಜಗಳ ಇಲ್ಲಿ ಬೇಡ. ಕೆಂಪಂಗಿಗೆ ಬಣ್ಣ ಹಚ್ಚುವ ವಿದ್ಯೆಯನ್ನು ನಾವು ವಿಲಾಯಿತಿಯಿಂದ ತರಿಸಿಕೊಳ್ಳಬೇಕಿಲ್ಲ ಎಂಬುದಷ್ಟೇ ನನ್ನ ಮಾತು.

ಹಾಗಾದರೆ ಬೆಟ್ಟದ ಮೇಲಿದ್ದವರ ಕಥೆ? ಟಿಪ್ಪುವಿನ ಕಾಯಂ ಪಡೆಯ ಪೋಷಾಕು ಎಲ್ಲರಿಗೂ ಗೊತ್ತು. ನೇರಳೆ ಬಟ್ಟೆಯ ಮೇಲೆ ಬಿಳಿಯ ಹುಲಿಪಟ್ಟೆ. ಗೊತ್ತಿಲ್ಲದವನು ಕಂದಾಚಾರದ ಆಳು. ಊರೂರಿನಿಂದ ಬಂದು ಕೋಟೆ ಕಾಯುತ್ತಿದ್ದ ನಾಡಪಡೆಯೇ ಕಂದಾಚಾರ. ಅವನಿಗೆ ಸಮವಸ್ತ್ರವಿಲ್ಲ. ಅವನ ಕಂಬಳಿ, ಅವನ ಪಂಚೆ, ಅವನದೇ ರುಮಾಲು. ಸಮವಸ್ತ್ರ ಇಲ್ಲದವನಿಗೆ ಬಣ್ಣ ಹಚ್ಚುವುದು ಕಷ್ಟ, ಏಕೆಂದರೆ ಒಬ್ಬನಂತೆ ಇನ್ನೊಬ್ಬನಿಲ್ಲ. ಅದಕ್ಕೇ ಎದುರು ಪಕ್ಷದವರಿಗೆಲ್ಲ ಒಂದೇ ಕಂದು ಬಣ್ಣ ಬಳಿದು ಕೈತೊಳೆದುಕೊಳ್ಳುವುದು ಸುಲಭ. ಆ ಸುಲಭದ ದಾರಿ ನಮಗೆ ಬೇಡ.

ಖಾಕಿಯ ದಿನ

ಗೌರಿಬಿದನೂರಿನವರು ಕೇಳಬಹುದು, ನಮ್ಮೂರಿನ ಮಾತು ಎಲ್ಲಿ ಎಂದು. ನಿಮ್ಮ ಮಾತಿಲ್ಲದೆ ಇದು ಪೂರ್ತಿಯಾಗದು.

1938ರ ಏಪ್ರಿಲ್ 25, ವಿದುರಾಶ್ವತ್ಥ. ಬಾವುಟ ಹಾರಿಸಬಾರದು, ಸಭೆ ಸೇರಬಾರದು ಎಂಬ ನಿಷೇಧವನ್ನು ಮುರಿದು ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಮಂದಿ ಎಂದು ಇಲ್ಲಿನ ಜನರ ಲೆಕ್ಕ. ಸರ್ಕಾರದ ಲೆಕ್ಕ ಅದಕ್ಕಿಂತ ತೀರಾ ಕಡಿಮೆ. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಅದನ್ನು ಕರೆಯುತ್ತೇವೆ. ಆದರೆ ಅಂದು ಬಂದೂಕು ಹಿಡಿದವರು ಯಾರು? ಬಿಳಿಯರಲ್ಲ. ಮೈಸೂರು ಸಂಸ್ಥಾನದ ಪೊಲೀಸರು. ನಮ್ಮವರೇ! 1791ರಲ್ಲಿ ಕೆಂಪಂಗಿಯೊಳಗಿದ್ದ ಮುಖವೇ 1938ರಲ್ಲಿ ಖಾಕಿಯೊಳಗೂ ಇತ್ತು. ಆಳುವವನು ಅಂಗಿ ಕೊಡುತ್ತಾನೆ, ಮುಖ ನಮ್ಮಲ್ಲೇ ಹುಡುಕುತ್ತಾನೆ.

ಇದನ್ನು ನಮ್ಮ ಮಕ್ಕಳಿಗೆ ಹೇಳದೆ ಹೋದರೆ, 'ಬಿಳಿಯರು ಕೆಟ್ಟವರು, ನಾವು ಒಳ್ಳೆಯವರು' ಎಂಬ ಅರ್ಧ ಕಥೆಯಲ್ಲೇ ಅವರು ದೊಡ್ಡವರಾಗುತ್ತಾರೆ. ನಾಳೆ ಯಾರೋ ಬಂದು ಇನ್ನೊಂದು ಬಣ್ಣದ ಅಂಗಿ ಕೊಟ್ಟರೆ ಪ್ರಶ್ನೆ ಕೇಳದೆ ತೊಟ್ಟುಕೊಳ್ಳುತ್ತಾರೆ.

ಮಾತು ನಮ್ಮಲ್ಲೇ ಇದೆ

ಈ ಆಟದ ನಿಯಮವೆಲ್ಲ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಯುದ್ಧದ ಮಾತೆಲ್ಲಿದೆ ಎಂದು ಕೇಳುವ ಜಾಣರಿದ್ದಾರೆ. ಎಣಿಸಿಕೊಳ್ಳಿ: ದಂಡು, ಪಾಳೆಯ, ಮುತ್ತಿಗೆ, ಲಗ್ಗೆ, ಅಗಳು, ಕಂದಕ, ಕೊತ್ತಲ, ಬುರುಜು, ಬತೇರಿ, ಅಲಂಗ, ದಿಡ್ಡಿಬಾಗಿಲು, ತೋಪು, ತುಪಾಕಿ, ಮದ್ದುಗುಂಡು, ಸರದಾರ, ಜಮಾದಾರ. ಇವುಗಳಲ್ಲಿ ಅರಬ್ಬಿ, ಫಾರಸಿ, ತುರ್ಕಿಯಿಂದ ಬಂದವೂ ಇವೆ. ಬಂದು ಕನ್ನಡವಾದವು. ಪಾಳೆಯಗಾರರು ಆಳಿದ ನಾಡಿಗೆ ಯುದ್ಧದ ಮಾತಿಗೆ ಬರವೇ? ಬೆಂಗಳೂರಿನ ಕಂಟೋನ್ಮೆಂಟನ್ನು ನಮ್ಮ ಹಿರಿಯರು 'ದಂಡು' ಎಂದೇ ಕರೆದರು. ಅವರಿಗೆ ಯಾವ ನಿಘಂಟೂ ಬೇಕಾಗಲಿಲ್ಲ.

ಹಾಗಾದರೆ ನಾವು ಮಾಡಬೇಕಾದದ್ದು

ಭಾಷಣ ಮಾಡಿ ಹೋಗುವವನ ಮಾತಾಗಬಾರದು ಎಂದು ಕೆಲಸ ಹೇಳುತ್ತೇನೆ. ಮುಂದಿನ ಅಕ್ಟೋಬರ್‌ಗೆ, ಗೊಂಬೆ ಕೂರಿಸುವ ಹೊತ್ತಿಗೆ, ಈ ನಾಲ್ಕು ಊರಿನ ಒಂದೊಂದು ಶಾಲೆಯಲ್ಲಾದರೂ ಒಂದು ನಂದಿ ಕಟ್ಟಿ. ಟಿವಿ, ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಬರುವ ಥರ್ಮೋಕೋಲನ್ನು ಬೆಟ್ಟದ ಆಕಾರಕ್ಕೆ ಕೊಯ್ಯಿರಿ. ಅಂಟು ಬಳಿದು ನಮ್ಮದೇ ಕೆಮ್ಮಣ್ಣು ಉದುರಿಸಿ. ಗೋಡೆ ಎರಡು ಸುತ್ತು ಇರಲಿ. ಗೊಂಬೆಗೆ ವಿದೇಶದ ಪೆಟ್ಟಿಗೆಯೇ ಆಗಬೇಕಿಲ್ಲ. ಗಣೇಶನ ಮೂರ್ತಿ ಮಾಡುವವರಿಂದ ಒಂದು ಹಿಡಿ ಜೇಡಿಮಣ್ಣು ತನ್ನಿ, ಒಳಗೆ ತಂತಿ ಇಟ್ಟು ಆಳು ಮಾಡಿ. ಗಟ್ಟಿಯಾಗಬೇಕೆಂದರೆ ನಲ್ಲಿಗೆ ಹಚ್ಚುವ ಎಂ-ಸೀಲ್ ಸಾಕು. ತಂದ ಗೊಂಬೆಯಾದರೂ ಚಿಂತೆಯಿಲ್ಲ, ಮುಖದ ಬಣ್ಣ ನೀವೇ ಕಲೆಸಿ. ಕಂದು, ಕೆಂಪು, ಹಳದಿ, ಒಂದು ತೊಟ್ಟು ಕಪ್ಪು. ನಿಮ್ಮ ಮುಂಗೈ ಪಕ್ಕಕ್ಕಿಟ್ಟು ಹೋಲಿಸಿ ನೋಡಿ.

ಬೆಟ್ಟದ ಕೆಳಗೆ ಬಿಳಿಯರನ್ನೂ ಇಡಿ, ಮದರಾಸಿನ ಸಿಪಾಯಿಗಳನ್ನೂ ಇಡಿ. ಮೇಲೆ ಹುಲಿಪಟ್ಟೆಯವರನ್ನೂ ಇಡಿ, ಕಂದಾಚಾರದವರನ್ನೂ ಇಡಿ. ಎರಡೂ ಕಡೆಯವರಿಗೆ ಸಮನಾದ ಶ್ರದ್ಧೆ ಇರಲಿ. ಬಂಡೆ ಉರುಳಿಸುವವನ ರುಮಾಲಿಗೂ ಜನರಲ್ಲನ ಸೊಂಟಪಟ್ಟಿಗೂ ಒಂದೇ ಕುಂಚ, ಒಂದೇ ತಾಳ್ಮೆ.

ಮುಂಭಾಗದಲ್ಲಿ ಒಂದು ಫಲಕ ನಿಲ್ಲಿಸಿ. ಅದರ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ 'ನಂದಿದುರ್ಗ, 1791' ಎಂದು ಬರೆಯಿರಿ. ನೋಡಲು ಬಂದವರಿಗೆ ಮಕ್ಕಳೇ ಕಥೆ ಹೇಳಲಿ. ಕೆಂಪಂಗಿಯ ಒಬ್ಬ ಸಿಪಾಯಿಯನ್ನು ಅಂಗೈ ಮೇಲೆ ಎತ್ತಿ ಹಿಡಿದು, 'ಇವನು ಯಾರ ಮನೆಯವನು ಗೊತ್ತೇ?' ಎಂದು ದೊಡ್ಡವರನ್ನು ಕೇಳಲಿ. ನಾವೆಲ್ಲ ಉತ್ತರ ಹುಡುಕಿಕೊಂಡೇ ಹೋಗೋಣ.